ಮೂರು ಎಕರೆ, ಮೂವರು ಮಕ್ಕಳು

ಹಾಸನ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ ಇಷ್ಟು: "ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ನೀವು ಪ್ರಕಟಿಸಿದ ಲೇಖನ ಮನೆ ಒಡೆಯುವಂಥದ್ದು. ನಮ್ಮದು ತಾತನ ಕಾಲದಿಂದ ಬಂದ ಮೂರು ಎಕರೆ. ಅಕ್ಕನ ಮದುವೆ 1988ರಲ್ಲಿ, ತಂಗಿಯದು 1991ರಲ್ಲಿ ಆಯಿತು. ಆ ಸಾಲ ತೀರಿಸಿದವನು ನಾನು. ತಾಯಿ ಹೋದ ಮೇಲೆ, 1999ರಲ್ಲಿ ತಂದೆ ಕಣ್ಣು ಮುಚ್ಚುವವರೆಗೆ ನೋಡಿಕೊಂಡವನೂ ನಾನೇ. ಬಾಯಿಮಾತಿನಲ್ಲಿ ಪಾಲು ಆಗಲೇ ಮುಗಿದಿತ್ತು. ಈಗ ಅಕ್ಕ ವಕೀಲರಿಂದ ನೋಟಿಸ್ ಕಳಿಸಿದ್ದಾಳೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಸಂಪ್ರದಾಯಕ್ಕೆ ಬೆಲೆಯೇ ಇಲ್ಲವೇ?"

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಿಟ್ಟಿಗಿಂತ ನೋವೇ ಹೆಚ್ಚಾಗಿ ಕಂಡಿತು. ಆದ್ದರಿಂದ ಎರಡು ಸಾಲಿನಲ್ಲಿ ಮುಗಿಸದೆ ಬಿಡಿಸಿ ಬರೆಯುತ್ತಿದ್ದೇನೆ.

ಹೊಸ ಕಾನೂನನ್ನು ಸದ್ಯಕ್ಕೆ ಬದಿಗಿಡೋಣ. ನಿಮ್ಮ ತಂದೆ ತೀರಿಕೊಂಡಾಗ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಇತ್ತು. ಅದರ ಪ್ರಕಾರ ಪಿತ್ರಾರ್ಜಿತ ಜಮೀನನ್ನು ಮೊದಲು ತಂದೆಗೆ ಒಂದೂವರೆ, ಮಗನಿಗೆ ಒಂದೂವರೆ ಎಂದು ಲೆಕ್ಕಕ್ಕೆ ಹಿಡಿದು, ತಂದೆಯ ಭಾಗವನ್ನು ಮೂವರು ಮಕ್ಕಳಿಗೂ ಸಮನಾಗಿ ಹಂಚಬೇಕಿತ್ತು. ಅಂದರೆ ಅಕ್ಕನಿಗೆ ಅರ್ಧ ಎಕರೆ, ಎಂದರೆ 20 ಗುಂಟೆ, ತಂಗಿಗೆ 20 ಗುಂಟೆ. ಅದು ಅವರಿಗೆ ಸಿಕ್ಕಿದ ಸುದ್ದಿ ನಿಮ್ಮ ಪತ್ರದಲ್ಲಿ ಎಲ್ಲಿಯೂ ಇಲ್ಲ.

ಮಗನಂತೆ ಮಗಳಿಗೂ ಹುಟ್ಟಿನಿಂದಲೇ ಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರ ಜುಲೈ 30ರಂದು ಜಾರಿಗೆ ಬಂತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಅದು ಕೈಬಿಟ್ಟಿತ್ತು. ನಿಮ್ಮ ಅಕ್ಕ, ತಂಗಿ ಇಬ್ಬರೂ ಹಾಗೆ ಹೊರಗುಳಿದವರು. ಆ ಕೊರತೆಯನ್ನು ತುಂಬಿದ್ದು 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ. ಅಂದು ತಂದೆ ಬದುಕಿರಲೇಬೇಕೇ ಎಂಬ ಗೊಂದಲ ಬಹಳ ಕಾಲ ಇತ್ತು. ಸುಪ್ರೀಂ ಕೋರ್ಟು 2015ರಲ್ಲಿ ಹೌದು ಎಂದಿತು, 2018ರಲ್ಲಿ ಬೇರೆಯೇ ದಾರಿ ಹಿಡಿಯಿತು. ಎರಡೂ ನಮ್ಮ ರಾಜ್ಯದಿಂದಲೇ ಹೋದ ಮೊಕದ್ದಮೆಗಳು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ತಂದೆ ಬದುಕಿರಬೇಕಾಗಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಇತ್ಯರ್ಥ ಮಾಡಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಿಭಾಗಪತ್ರವನ್ನಾಗಲಿ ಕೋರ್ಟಿನ ಡಿಕ್ರಿಯನ್ನಾಗಲಿ ಈ ಕಾನೂನು ಮುಟ್ಟುವುದಿಲ್ಲ. ಬಾಯಿಮಾತಿನ ಪಾಲು ಎಂಬ ವಾದವನ್ನು ಮಾತ್ರ, ಸರ್ಕಾರಿ ದಾಖಲೆಗಳ ಗಟ್ಟಿ ಆಧಾರ ಇಲ್ಲದಿದ್ದರೆ, ನ್ಯಾಯಾಲಯ ಒಪ್ಪುವುದಿಲ್ಲ. ನಿಮ್ಮ ಬಳಿ ಅಂಥ ಕಾಗದ ಇಲ್ಲವಾದರೆ ಮೂವರಿಗೂ ಒಂದೊಂದು ಎಕರೆ.

ಸಂಪ್ರದಾಯದ ಮಾತೆತ್ತಿದ್ದೀರಿ. ಗಂಡುಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ನಿಯಮ ನಿಂತಿರುವುದು ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನವಾದ ಮಿತಾಕ್ಷರದ ಮೇಲೆ. ಅದನ್ನು ಬರೆದ ವಿಜ್ಞಾನೇಶ್ವರ ನಮ್ಮವನೇ, ಕಲ್ಯಾಣದಲ್ಲಿ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಅದೇ ವಿಜ್ಞಾನೇಶ್ವರ ಸ್ತ್ರೀಧನಕ್ಕೆ, ಅಂದರೆ ಹೆಣ್ಣಿನ ಸ್ವಂತ ಆಸ್ತಿಗೆ, ಬಹಳ ವಿಶಾಲವಾದ ಅರ್ಥ ಕೊಟ್ಟ. ವಾರಸಿನಿಂದ, ಖರೀದಿಯಿಂದ, ವಿಭಾಗದಿಂದ ಹೆಣ್ಣಿಗೆ ಬಂದದ್ದನ್ನೆಲ್ಲ ಅದರಲ್ಲಿ ಸೇರಿಸಿದ. ಅದನ್ನು ಮುಂದೆ ಕಿರಿದುಗೊಳಿಸಿದ್ದು ಬ್ರಿಟಿಷರ ಕಾಲದ ಅತ್ಯುಚ್ಚ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್. ಸಂಪ್ರದಾಯದಲ್ಲಿ ನಮಗೆ ಬೇಕಾದ ಪುಟವನ್ನಷ್ಟೇ ತೆರೆದು, ಉಳಿದದ್ದನ್ನು ಮಡಚಿಡುವುದು ತಪ್ಪಲ್ಲವೇ?

ಮದುವೆಯ ಸಾಲ ತೀರಿಸಲು ನೀವು ಪಟ್ಟ ಕಷ್ಟ ನಿಜ. ಆದರೆ ಚಪ್ಪರ, ಊಟ, ಗಂಡಿನ ಕಡೆಯವರ ಉಪಚಾರಕ್ಕೆ ಖರ್ಚಾದ ಹಣದಲ್ಲಿ ಅಕ್ಕನ ಹೆಸರಿನಲ್ಲಿ ಉಳಿದದ್ದೆಷ್ಟು? ವರದಕ್ಷಿಣೆ ಕೊಟ್ಟಿದ್ದರಂತೂ, 1961ರ ಕಾಯ್ದೆಯ ಪ್ರಕಾರ ತೆಗೆದುಕೊಳ್ಳುವುದರಂತೆ ಕೊಡುವುದೂ ಅಪರಾಧ. ಅದನ್ನು ಪಾಲಿನ ಲೆಕ್ಕಕ್ಕೆ ಜಮಾ ಮಾಡಲು ಬರುವುದಿಲ್ಲ.

ನನ್ನ ತಾಯಿ ತವರಿನ ಆಸ್ತಿಯ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ದಿನ ನನಗೆ ಹನ್ನೊಂದು ವರ್ಷ. ಸೋದರಮಾವ ತಂದಿದ್ದ ಸೀರೆಯನ್ನು ಬೆಳಿಗ್ಗೆಯೇ ಉಟ್ಟಿದ್ದರು. ಅರಿಶಿನ ಕುಂಕುಮದ ಪೊಟ್ಟಣ, ಬಾಳೆಹಣ್ಣು ಮಡಿಲಲ್ಲಿದ್ದವು. ಪತ್ರದಲ್ಲಿ ಏನಿದೆ ಎಂದು ಯಾರೂ ಓದಿ ಹೇಳಲಿಲ್ಲ, ಅವರೂ ಕೇಳಲಿಲ್ಲ. ಬೆರಳಿನ ಮಸಿ ಹೊಸ ಸೀರೆಗೆ ತಾಗದಂತೆ ಕೈಯನ್ನು ದೂರ ಹಿಡಿದುಕೊಂಡೇ ಬಸ್ ಹತ್ತಿದರು. ಕೇಳಿದರೆ ಗೌರಿ ಹಬ್ಬಕ್ಕೆ ಬಾಗಿನ ಬರುವುದು ನಿಂತುಹೋದೀತೆಂಬ ಭಯ ಇತ್ತೆಂದು ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದರು. ನಿಮ್ಮ ಅಕ್ಕ ಇಷ್ಟು ವರ್ಷ ಸುಮ್ಮನಿದ್ದದ್ದಕ್ಕೂ ಇಂಥದೇ ಕಾರಣ ಇದ್ದಿರಬಹುದು.

ಒಂದು ಎಕರೆಯಿಂದ ಅವಳಿಗೇನಾಗಬೇಕು ಎಂದು ನಿಮಗೆ ಅನ್ನಿಸಬಹುದು. ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಮತ್ತು ಪ್ರದೀಪ್ ಪಾಂಡಾ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ವಿವಾಹಿತ ಮಹಿಳೆಯರನ್ನು ಮಾತನಾಡಿಸಿ ನಡೆಸಿದ ಅಧ್ಯಯನವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಸ್ವಂತ ಹೆಸರಿನಲ್ಲಿ ಜಮೀನೂ ಮನೆಯೂ ಇಲ್ಲದ ಹೆಂಗಸರಲ್ಲಿ ಗಂಡನಿಂದ ಹೊಡೆತ ತಿಂದವರು ಶೇ. 49. ಎರಡೂ ಇದ್ದವರಲ್ಲಿ ಶೇ. 7. ಪೊಲೀಸ್ ಠಾಣೆ ಮಾಡಲಾಗದ ಕೆಲಸವನ್ನು ಪಹಣಿಯಲ್ಲಿರುವ ಒಂದು ಹೆಸರು ಮಾಡುತ್ತದೆ. ಹೋಗಲು ಒಂದು ಜಾಗವಿದೆ ಎಂದು ಅವಳಿಗೂ ಗೊತ್ತು, ಅವಳ ಗಂಡನಿಗೂ ಗೊತ್ತು.

ತಂದೆಯ ಆರೈಕೆಯ ವಿಷಯದಲ್ಲಿ ನಿಮ್ಮ ದೂರು ನ್ಯಾಯವಾದದ್ದು. ರಾತ್ರಿಗಟ್ಟಲೆ ಎದ್ದು ಕುಳಿತವನಿಗೂ ದೂರದಲ್ಲಿದ್ದವರಿಗೂ ಒಂದೇ ಅಳತೆ ಎಂದರೆ ಮನಸ್ಸು ಒಪ್ಪುವುದಿಲ್ಲ. ಈ ವಿಷಯದಲ್ಲಿ ನಾನು ನಿಮ್ಮ ಪಕ್ಷ. ಆದರೆ ಆ ಋಣವನ್ನು ತೂಗಿ ಕೊಡುವ ಕಲಂ ಕಾಯ್ದೆಯಲ್ಲಿಲ್ಲ. ಅದನ್ನು ಒಪ್ಪಿ ಬಿಟ್ಟುಕೊಡಬಲ್ಲವರು ಅಕ್ಕ ತಂಗಿಯರು ಮಾತ್ರ. ಅದೂ ಪಾಲು ಅವರದೆಂದು ನೀವು ಮೊದಲು ಒಪ್ಪಿಕೊಂಡ ಮೇಲೆ. ಆಮೇಲೆ ದಾರಿಗಳಿವೆ: ಉಳುಮೆ ನೀವೇ ಮಾಡಿ ವರ್ಷಕ್ಕಿಷ್ಟು ಎಂದು ಕೊಡಬಹುದು, ಕಂತಿನಲ್ಲಿ ಅವರ ಭಾಗವನ್ನು ಕೊಳ್ಳಬಹುದು. ಯಾವುದೇ ಪತ್ರವಾದರೂ ಸಹಿಗೆ ಮೊದಲು ಇಬ್ಬರಿಗೂ ಗಟ್ಟಿಯಾಗಿ ಓದಿ ಹೇಳಿಸಿ.

ನೋಟಿಸಿಗೆ ಉತ್ತರವನ್ನು ವಕೀಲರಿಂದ ಬರೆಸುವ ಮೊದಲು ಒಂದು ಭಾನುವಾರ ಅಕ್ಕನ ಮನೆಗೆ ನೀವೇ ಹೋಗಿ. ಪಹಣಿಯ ಪ್ರತಿಯನ್ನು ಜೊತೆಗೆ ತೆಗೆದುಕೊಂಡು ಹೋಗಿ, ಅವರ ಮುಂದಿಡಿ. ಅಲ್ಲಿ ಏನಾಯಿತೆಂದು ನನಗೂ ಬರೆಯಿರಿ.

- ಸಂಪಾದಕಿ