ಓದುವಾಗ ಅರ್ಥವಾಗುವ ಇಂಗ್ಲಿಷ್ ಪದಗಳು ಮಾತನಾಡುವಾಗ ಏಕೆ ನೆನಪಿಗೆ ಬರುವುದಿಲ್ಲ?

ಪದವನ್ನು ಗುರುತಿಸುವುದು ಬೇರೆ, ನೆನಪಿನಿಂದ ಹೊರತೆಗೆಯುವುದು ಬೇರೆ. ಬಹುತೇಕರು ಅಭ್ಯಾಸ ಮಾಡುವುದು ಮೊದಲನೆಯದನ್ನಷ್ಟೇ. ಓದುವಾಗ ಪದ ಕಣ್ಣೆದುರೇ ಇರುತ್ತದೆ, ಸುತ್ತಲಿನ ವಾಕ್ಯವೂ ಸುಳಿವು ಕೊಡುತ್ತದೆ. ಮಾತನಾಡುವಾಗ ನಿಮ್ಮಲ್ಲಿರುವುದು ಹೇಳಬೇಕಾದ ಅರ್ಥ ಮಾತ್ರ. ಪದವನ್ನೂ ಅದರ ಜೊತೆಗಾರ ಪದಗಳನ್ನೂ ನೀವೇ ಹುಡುಕಬೇಕು. ಆ ಹುಡುಕಾಟವೇ ನೆನಪನ್ನು ಗಟ್ಟಿಗೊಳಿಸುವುದು.

ಆದ್ದರಿಂದ ಅನುವಾದವನ್ನು ಎರಡೂ ದಿಕ್ಕಿನಲ್ಲಿ ಮಾಡಿ. ನಾಲ್ಕೈದು ಸಾಲಿನ ಇಂಗ್ಲಿಷ್ ಬರಹವನ್ನು ಕನ್ನಡಕ್ಕೆ ತನ್ನಿ. ಒಂದೆರಡು ದಿನ ಬಿಟ್ಟು, ಮೂಲವನ್ನು ನೋಡದೆ, ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಹೋಲಿಸಿ. ಇದು ಹೊಸದೇನಲ್ಲ: ಲ್ಯಾಟಿನ್ ಕಲಿಸಲು ಇಂಗ್ಲೆಂಡಿನ ಶಿಕ್ಷಕ ರೋಜರ್ ಆಸ್ಕಮ್ 16ನೇ ಶತಮಾನದಲ್ಲೇ ಇದನ್ನು ಸೂಚಿಸಿದ್ದರು. ಬಿಡಿ ಪದಪಟ್ಟಿಗಳ ಬಾಯಿಪಾಠದಲ್ಲಿ ನನಗಂತೂ ಅಷ್ಟು ನಂಬಿಕೆಯಿಲ್ಲ. ಪಟ್ಟಿ ಬೇಕೇ ಬೇಕೆಂದರೆ ಇಂಗ್ಲಿಷ್ ಭಾಗವನ್ನು ಮುಚ್ಚಿಕೊಂಡು ಓದಿ.