ಮನೆಗೆ ಇಂಟರ್‌ನೆಟ್ ಕೊಡುವವರು ಅಥವಾ ಸರ್ಕಾರ ನನ್ನ ವಾಟ್ಸ್‌ಆ್ಯಪ್ ಸಂದೇಶ ಓದಬಹುದೇ?

ಸಕಲೇಶಪುರದ ನಮ್ಮ ತೋಟದ ಮನೆಗೆ ಫೈಬರ್ ಎಳೆದ ದಿನ ಅಪ್ಪನೂ ಇದನ್ನೇ ಕೇಳಿದ್ದರು. ಸಿಲ್ವರ್ ಓಕ್ ಮರಗಳಿಗೆ ಬಿಗಿದ ಆ ತಂತಿಯಲ್ಲಿ ಹರಿಯುವ ಸಂದೇಶಕ್ಕೆ ಬೀಗ ಬಿದ್ದಿರುತ್ತದೆ. ಬೀಗದ ಕೈ ಇರುವುದು ಎರಡು ತುದಿಯ ಫೋನ್‌ಗಳಲ್ಲಿ ಮಾತ್ರ. ಇಂಟರ್‌ನೆಟ್ ಕೊಡುವವರಿಗೆ ಯಾವ ಸರ್ವರ್‌ಗೆ, ಯಾವಾಗ, ಎಷ್ಟು ಡೇಟಾ ಹೋಯಿತೆಂಬುದಷ್ಟೇ ಕಾಣುತ್ತದೆ, ಅಂಚೆಯವರಿಗೆ ಲಕೋಟೆಯ ಮೇಲಿನ ವಿಳಾಸ ಕಂಡಂತೆ.

ಇನ್ನು ಸರ್ಕಾರ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 69ರ ಪ್ರಕಾರ, ದೇಶದ ಭದ್ರತೆಯಂಥ ಕಾರಣಕ್ಕೆ ಗೃಹ ಕಾರ್ಯದರ್ಶಿಯ ಆದೇಶದ ಮೇಲೆ ಬೀಗ ತೆಗೆಯಲು ನೆರವು ಕೇಳಬಹುದು; ಕೊಡದವರಿಗೆ 7 ವರ್ಷದವರೆಗೆ ಜೈಲು. ನ್ಯಾಯಾಧೀಶರ ಅನುಮತಿ ಬೇಕಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದ ಮೇಲೂ ಹೀಗಿರುವುದು ಖಂಡಿತ ಸರಿಯಲ್ಲ.

ಬ್ಯಾಕಪ್‌ಗೆ ಮಾತ್ರ ಆ ಬೀಗ ತಾನಾಗಿ ಬೀಳದಿರಬಹುದು. ಸೆಟ್ಟಿಂಗ್ಸ್‌ನಲ್ಲಿ ನೋಡಿ ನೀವೇ ಹಾಕಿಕೊಳ್ಳಿ.