ಇಲ್ಲಿ ಹದಿಮೂರು ಅಂದರೆ ಚಿಕ್ಕ ವಯಸ್ಸಲ್ಲ

ನಮಸ್ಕಾರ. ಅಮೆರಿಕದ ಅಟ್ಲಾಂಟಾ ಕಡೆ ಕೆಲಸ ಸಿಕ್ಕಿದೆ, ಮಗ ಏಳನೇ ಕ್ಲಾಸು, ಮಗಳು ಎರಡನೇ ಕ್ಲಾಸು, ಸ್ಕೂಲುಗಳಲ್ಲಿ ಗುಂಡು ಹಾರಿಸಿದ ಸುದ್ದಿ ಓದಿ ಮನೆಯವರಿಗೆ ನಿದ್ದೆಯಿಲ್ಲ, ಮಕ್ಕಳನ್ನು ಅಲ್ಲಿನ ಸ್ಕೂಲಿಗೆ ಕಳಿಸಿದರೆ ಅಪಾಯವಾ ಅಂತ ಬರೆದಿದ್ದೀರಿ. "ಹೊಡೆದವನೇ ಹದಿನಾಲ್ಕರ ಹುಡುಗ ಅಂದರೆ ರಿಮ್ಯಾಂಡ್ ಹೋಮಿಗೆ ಹಾಕಿ ಬಿಟ್ಟುಬಿಡ್ತಾರಾ?" ಅಂತಲೂ ಕೇಳಿದ್ದೀರಿ. ಈ ಎರಡನೇ ಪ್ರಶ್ನೆಯಿಂದಲೇ ಶುರು ಮಾಡೋಣ. ಗನ್ ಮುಖವನ್ನೇ ನೋಡದ ನಿಮ್ಮ ಮಗನಿಗೂ ಅದು ಸಂಬಂಧಪಟ್ಟದ್ದು.

ಬಿಡುವುದಿಲ್ಲ. ಬಾಲಾಪರಾಧದ ಕಾನೂನು ಇಲ್ಲಿ ರಾಜ್ಯಕ್ಕೊಂದು. ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದಲ್ಲಿ 17 ತುಂಬಿದವನು ಏನೇ ಮಾಡಿದರೂ ದೊಡ್ಡವರ ಕೋರ್ಟಿಗೇ ಹೋಗಬೇಕು. ಕೊಲೆ, ಗನ್ ತೋರಿಸಿ ದರೋಡೆ, ಇಂಥ ಕೆಲವು ಅಪರಾಧಗಳಿಗೆ 1994ರ ಕಾನೂನಿನ ಪ್ರಕಾರ 13 ತುಂಬಿದ್ದರೆ ಸಾಕು, ಕೇಸು ಸೀದಾ ಸುಪೀರಿಯರ್ ಕೋರ್ಟಿಗೆ, ಅಂದರೆ ದೊಡ್ಡವರ ಕೋರ್ಟಿಗೆ. 2024ರ ಸೆಪ್ಟೆಂಬರ್ 4ರಂದು ಇದೇ ರಾಜ್ಯದ ವಿಂಡರ್‌ನ ಅಪಲಾಚಿ ಹೈಸ್ಕೂಲಿನಲ್ಲಿ ಇಬ್ಬರು ವಿದ್ಯಾರ್ಥಿಗಳು, ಇಬ್ಬರು ಶಿಕ್ಷಕರು ಗುಂಡಿಗೆ ಸತ್ತರು. 14ರ ಹುಡುಗನ ಮೇಲೆ ದೊಡ್ಡವರ ಮೇಲೆ ಹಾಕುವ ಹಾಗೆಯೇ ಕೊಲೆ ಕೇಸು ಬಿತ್ತು, ಅವನಿಗೆ ಗನ್ ಸಿಗುವ ಹಾಗೆ ಮಾಡಿದ ಆರೋಪದಲ್ಲಿ ತಂದೆಯ ಮೇಲೂ. ಹದಿನೆಂಟರೊಳಗೆ ಮಾಡಿದ ಅಪರಾಧಕ್ಕೆ ಮರಣದಂಡನೆ ಕೂಡದು ಎಂದು ಸುಪ್ರೀಂ ಕೋರ್ಟು 2005ರಲ್ಲಿ ಹೇಳಿದೆ. ಪರೋಲ್ (ಅವಧಿಗೆ ಮುಂಚೆ ಷರತ್ತಿನ ಮೇಲೆ ಬಿಡುಗಡೆ) ಇಲ್ಲದ ಜೀವಾವಧಿ ಕಡ್ಡಾಯ ಶಿಕ್ಷೆ ಆಗಬಾರದು ಎಂದು 2012ರಲ್ಲಿ ಹೇಳಿತು. ಕಡ್ಡಾಯ ಆಗಬಾರದು ಅಷ್ಟೇ. ವಯಸ್ಸನ್ನು ತೂಗಿ ನೋಡಿ ನ್ಯಾಯಾಧೀಶರು ಕೊಡಬಹುದು, ಕೊಟ್ಟೂ ಇದ್ದಾರೆ.

ನೀವು ಅಂದುಕೊಂಡ ಹಾಗೆ ಬಿಟ್ಟದ್ದೂ ಉಂಟು. 1998ರಲ್ಲಿ ಅರ್ಕಾನ್ಸಾಸ್‌ನ ಜೋನ್ಸ್‌ಬರೋದಲ್ಲಿ 13 ಮತ್ತು 11ರ ಇಬ್ಬರು ಹುಡುಗರು ಐವರನ್ನು ಕೊಂದರು. ಅಷ್ಟು ಚಿಕ್ಕವರನ್ನು ದೊಡ್ಡವರ ಕೋರ್ಟಿಗೆ ಕಳಿಸಲು ಆಗ ಅಲ್ಲಿ ಕಾನೂನೇ ಇರಲಿಲ್ಲ. 21 ತುಂಬುತ್ತಲೇ ಇಬ್ಬರೂ ಹೊರಗೆ ಬಂದರು. ಜನರ ಸಿಟ್ಟಿಗೆ ಮರುವರ್ಷವೇ ಕಾನೂನು ಬದಲಾಯಿತು.

ಈಗ ಗಾಳಿ ಬೀಸುತ್ತಿರುವುದು ತಂದೆತಾಯಿಯ ಕಡೆಗೆ. 2021ರ ನವೆಂಬರ್ 30, ಮಿಷಿಗನ್‌ನ ಆಕ್ಸ್‌ಫರ್ಡ್ ಹೈಸ್ಕೂಲು. 15ರ ಹುಡುಗ ಗಣಿತದ ಹಾಳೆಯ ಮೇಲೆ ಗನ್ನು, ರಕ್ತದ ಚಿತ್ರ ಬರೆದದ್ದನ್ನು ಟೀಚರ್ ನೋಡುತ್ತಾರೆ. ಅಪ್ಪ ಅಮ್ಮನನ್ನು ಕರೆಸುತ್ತಾರೆ. ಮಗನಿಗೆ ಬೇಗ ಕೌನ್ಸೆಲಿಂಗ್ ಕೊಡಿಸಿ ಎನ್ನುತ್ತಾರೆ. ಅವರು ಮಗನನ್ನು ಮನೆಗೆ ಕರೆದುಕೊಂಡು ಹೋಗುವುದಿಲ್ಲ, ನಾಲ್ಕು ದಿನದ ಹಿಂದೆ ಗನ್ ಕೊಂಡದ್ದನ್ನೂ ಹೇಳುವುದಿಲ್ಲ. ಶಾಲೆಯವರು ಬ್ಯಾಗು ತೆರೆದು ನೋಡುವುದಿಲ್ಲ, ಕ್ಲಾಸಿಗೆ ವಾಪಸು ಕಳಿಸುತ್ತಾರೆ. ಗನ್ನು ಆ ಬ್ಯಾಗಿನಲ್ಲೇ ಇತ್ತು. ಮಧ್ಯಾಹ್ನ ನಾಲ್ವರು ಮಕ್ಕಳು ಸತ್ತರು. ಹುಡುಗನಿಗೆ ಪರೋಲ್ ಇಲ್ಲದ ಜೀವಾವಧಿ, 2024ರಲ್ಲಿ ತಂದೆಗೂ ತಾಯಿಗೂ ತಲಾ 10ರಿಂದ 15 ವರ್ಷ ಜೈಲು. ವರ್ಜೀನಿಯಾದಲ್ಲಿ 2023ರಲ್ಲಿ ಆರು ವರ್ಷದ ಮಗು ಟೀಚರ್‌ಗೆ ಗುಂಡು ಹಾರಿಸಿದಾಗಲೂ ಕೇಸು ಬಿದ್ದದ್ದು ಮಗುವಿನ ಮೇಲಲ್ಲ, ತಾಯಿ ಜೈಲಿಗೆ ಹೋದರು.

ಇನ್ನು ನಿಮ್ಮ ಮಗನ ವಿಷಯ. ನಮ್ಮ ಮನೆಗಳಲ್ಲಿ ಗನ್ ಇರುವುದು ಅಪರೂಪ, ವರ್ಕ್ ವೀಸಾದವರು ಇಟ್ಟುಕೊಳ್ಳುವುದಕ್ಕೆ ಫೆಡರಲ್ (ಕೇಂದ್ರದ) ಕಾನೂನಿನ ಅಡ್ಡಿಯೂ ಇದೆ. ಹುಡುಗರು ಸಿಕ್ಕಿಬೀಳುವುದು ಮಾತಿನಲ್ಲಿ. ಗೇಮ್ ಚಾಟಿನಲ್ಲೋ ಸ್ನ್ಯಾಪ್‌ಚಾಟಿನಲ್ಲೋ "ನಾಳೆ ಸ್ಕೂಲಿಗೆ ಬರಬೇಡ, ಎಲ್ಲರನ್ನೂ ಮುಗಿಸ್ತೀನಿ" ಅಂತ ತಮಾಷೆಗೆ ಹಾಕಿದರೆ ಯಾರೋ ಸ್ಕ್ರೀನ್‌ಶಾಟ್ ತೆಗೆಯುತ್ತಾರೆ, ರಾತ್ರಿಯೊಳಗೆ ಡಿಟೆಕ್ಟಿವ್ ಬಾಗಿಲು ತಟ್ಟುತ್ತಾನೆ. ಜಾರ್ಜಿಯಾ ಕಾನೂನಿನಲ್ಲಿ ಇದಕ್ಕೆ ಟೆರರಿಸ್ಟಿಕ್ ಥ್ರೆಟ್ (ಭಯ ಹುಟ್ಟಿಸುವ ಬೆದರಿಕೆ) ಎಂದೇ ಹೆಸರು. ಕೊಲೆ ಬೆದರಿಕೆಯನ್ನು ತಮಾಷೆ ಎಂದರೆ ಕೇಳುವವರಿಲ್ಲ. ಇದನ್ನು ಮಗನಿಗೆ ವಿಮಾನ ಹತ್ತುವ ಮೊದಲೇ ಹೇಳಿ.

ಹಾಗೇನಾದರೂ ಆದರೆ ಮೊದಲ ಒಂದು ಗಂಟೆಯಲ್ಲೇ ಎಲ್ಲ ಕೆಡುವುದು. ನಮ್ಮವರು ಗಾಬರಿಯಲ್ಲಿ ಎರಡು ತಪ್ಪು ಮಾಡುತ್ತಾರೆ: ಫೋನಿನಲ್ಲಿದ್ದದ್ದನ್ನು ಅಳಿಸುತ್ತಾರೆ (ಸಾಕ್ಷ್ಯನಾಶ ಅಂತ ಇನ್ನೊಂದು ಕೇಸು), "ನಿಜ ಹೇಳಿಬಿಡು ಪುಟ್ಟ, ಅಂಕಲ್ ಬಿಟ್ಟುಬಿಡ್ತಾರೆ" ಅಂತ ಪೊಲೀಸರ ಮುಂದೆ ಮಗನನ್ನು ಕೂರಿಸುತ್ತಾರೆ. ಪ್ರಿನ್ಸಿಪಾಲರು ವಾರಂಟ್ ಇಲ್ಲದೆ ಬ್ಯಾಗು ನೋಡಬಹುದು, ಸಕಾರಣ ಸಂಶಯ ಇದ್ದರೆ ಸಾಕು. ಪೊಲೀಸರಿಗೆ ಫೋನ್ ನೋಡಲು ಸಾಮಾನ್ಯವಾಗಿ ವಾರಂಟ್ ಬೇಕು. ನೀವಾಗಿ ಒಪ್ಪಿಗೆ ಕೊಟ್ಟರೆ ಬೇಡ. "ಅಪ್ಪನನ್ನು ಕರೆಸಿ" ಎಂದ ಮಾತ್ರಕ್ಕೆ ಪ್ರಶ್ನೆ ನಿಲ್ಲುತ್ತದೆ ಅಂದುಕೊಳ್ಳಬೇಡಿ, "ಲಾಯರ್ ಬೇಕು" ಎಂಬ ಮಾತು ಹುಡುಗನ ಬಾಯಿಂದ ಸ್ಪಷ್ಟವಾಗಿ ಬರಬೇಕು. ದುಡ್ಡಿಲ್ಲದಿದ್ದರೆ ಸರ್ಕಾರವೇ ಲಾಯರ್ ಕೊಡಬೇಕು, 1967ರಿಂದ ಮಕ್ಕಳಿಗೂ ಆ ಹಕ್ಕಿದೆ.

ಯಾವ ಕೋರ್ಟು ಎಂಬುದು ವೀಸಾಕ್ಕೂ ಮುಖ್ಯ. ಜೂವೆನೈಲ್ (ಮಕ್ಕಳ) ಕೋರ್ಟಿನಲ್ಲಿ ಜ್ಯೂರಿ (ತೀರ್ಪು ಹೇಳುವ ಜನಸಾಮಾನ್ಯರ ಗುಂಪು) ಇಲ್ಲ, ಅಲ್ಲಿನ ತೀರ್ಪು ಇಮಿಗ್ರೇಷನ್ ಲೆಕ್ಕದಲ್ಲಿ 'ಕನ್ವಿಕ್ಷನ್' (ಅಪರಾಧಿ ಎಂಬ ತೀರ್ಪು) ಅಲ್ಲ. ದೊಡ್ಡವರ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರೆ ಅದು ಕನ್ವಿಕ್ಷನ್ನೇ, ಗಡೀಪಾರಿನವರೆಗೂ ಹೋಗಬಹುದು. ಹಾಗಾಗಿ ಕ್ರಿಮಿನಲ್ ಲಾಯರ್ ಏನೇ ರಾಜಿ ತಂದರೂ ಇಮಿಗ್ರೇಷನ್ ಲಾಯರಿಗೆ ತೋರಿಸದೆ ಸಹಿ ಬೇಡ.

ಮೊದಲ ಪ್ರಶ್ನೆಗೆ ಚಿಕ್ಕ ಉತ್ತರ: ಸ್ಕೂಲಿನಲ್ಲಿ ಮಗುವಿಗೆ ಗುಂಡು ತಗಲುವ ಸಾಧ್ಯತೆ ತೀರಾ ಕಡಿಮೆ. ಗುಂಡಿಗೆ ಸಾಯುವ ಇಲ್ಲಿನ ಮಕ್ಕಳಲ್ಲಿ ಬಹುಪಾಲು ಸಾಯುವುದು ಸ್ಕೂಲಿನ ಹೊರಗೆ. ಸ್ಕೂಲಿನಲ್ಲಿ ಹೊಡೆದ ಹುಡುಗರಿಗೂ ಹೆಚ್ಚಾಗಿ ಗನ್ ಸಿಕ್ಕಿರುವುದು ತಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ. ಹಾಗಾಗಿ ಮಗಳನ್ನು ಯಾರದಾದರೂ ಮನೆಗೆ ಆಡಲು ಕಳಿಸುವ ಮುಂಚೆ ನಾಯಿ ಇದೆಯಾ ಅಂತ ಕೇಳುವಷ್ಟೇ ಸಹಜವಾಗಿ ಕೇಳಿ: ಗನ್ ಇದೆಯಾ, ಬೀಗ ಹಾಕಿದ್ದೀರಾ, ಗುಂಡು ಬೇರೆ ಕಡೆ ಇಟ್ಟಿದ್ದೀರಾ? ಸಂಕೋಚ ಬೇಡ, ಇಲ್ಲಿ ಕೇಳುವವರಿದ್ದಾರೆ.

ಸ್ಕೂಲಿಗೆ ಸೇರಿಸುವಾಗ ಎಮರ್ಜೆನ್ಸಿ ಕಾಂಟ್ಯಾಕ್ಟ್ ಫಾರಂ ಕೊಡುತ್ತಾರೆ. ಹೊಸಬರು ಇಂಡಿಯಾದ ನಂಬರನ್ನೇ ಬರೆದು ಮರೆತುಬಿಡುತ್ತಾರೆ. ಸಿಮ್ ಸಿಕ್ಕ ದಿನವೇ ಬದಲಾಯಿಸಿ, ಹತ್ತಿರದ ಒಬ್ಬ ಸ್ನೇಹಿತರ ಹೆಸರೂ ಸೇರಿಸಿ. ಏನಾದರೂ ನಡೆದರೆ ಮಕ್ಕಳನ್ನು ಬೇರೊಂದು ಜಾಗಕ್ಕೆ ಒಯ್ದು, ಫೋಟೋ ಐಡಿ ಮತ್ತು ಆ ಪಟ್ಟಿಯಲ್ಲಿನ ಹೆಸರು ತಾಳೆ ನೋಡಿಯೇ ಒಪ್ಪಿಸುತ್ತಾರೆ. ಮನೆಯವರ ಹತ್ತಿರ ಇನ್ನೂ ಡ್ರೈವಿಂಗ್ ಲೈಸೆನ್ಸ್ ಇಲ್ಲದಿದ್ದರೆ ಪಾಸ್‌ಪೋರ್ಟ್ ಒಯ್ಯಬೇಕು. ಸ್ಕೂಲಿನಿಂದ ಮೆಸೇಜ್ ಬಂದ ತಕ್ಷಣ ಕಾರು ಹತ್ತಿ ಸ್ಕೂಲಿಗೆ ಓಡಬೇಡಿ, ಆಂಬುಲೆನ್ಸ್‌ಗೆ ದಾರಿ ಸಿಗುವುದಿಲ್ಲ. ಮಗುವಿಗೆ ಫೋನ್ ಮಾಡಲೂ ಬೇಡಿ, ಬಚ್ಚಿಟ್ಟುಕೊಂಡವರ ಜಾಗ ರಿಂಗಿನಿಂದ ಗೊತ್ತಾಗುತ್ತದೆ.

ಮೆಸೇಜಿನಲ್ಲಿ 'ಸೆಕ್ಯೂರ್' ಅಂತಿದ್ದರೆ ಅಪಾಯ ಸ್ಕೂಲಿನ ಹೊರಗೆ, ಹೊರಬಾಗಿಲು ಮುಚ್ಚಿ ಪಾಠ ನಡೆಯುತ್ತಿರುತ್ತದೆ. 'ಲಾಕ್‌ಡೌನ್' ಅಂದರೆ ಒಳಗೆ: ಕೋಣೆಗೆ ಬೀಗ, ದೀಪ ಆರಿಸಿ, ಕಿಟಕಿಗೆ ಕಾಣದ ಮೂಲೆಯಲ್ಲಿ ಸದ್ದಿಲ್ಲದೆ ಕೂರುವುದು. ಇದರ ಡ್ರಿಲ್ ನಡೆಯುತ್ತಿರುತ್ತದೆ. ಮಗಳಿಗೆ ಈ ಎರಡು ಪದಗಳ ಅರ್ಥವನ್ನು ಮುಂಚೆಯೇ ಕನ್ನಡದಲ್ಲಿ ಹೇಳಿಕೊಡಿ. ಬಂದ ಮೊದಲ ವಾರವೇ ಡ್ರಿಲ್ ಆದರೆ, ಟೀಚರ್ ಯಾಕೆ ದೀಪ ಆರಿಸಿದರು ಅಂತ ಗೊತ್ತಾಗದೆ ಹೊಸ ಮಕ್ಕಳು ಅಳುತ್ತಾರೆ.